ಕೊರೊನಾ ಹೋಯಿತು, ಅಪ್ಪ ಮಾತ್ರ ಇನ್ನೂ ಮನೆಯಿಂದ ಹೊರಗೆ ಬಂದಿಲ್ಲ

ಓದುಗರ ಪ್ರಶ್ನೆ: ನಮ್ಮ ತಂದೆಗೆ ಈಗ 77 ವರ್ಷ. ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದು ನಿವೃತ್ತರಾದವರು. 2016ರಲ್ಲಿ ಅಮ್ಮ ತೀರಿಕೊಂಡ ಮೇಲೂ ಊರಲ್ಲಿ ಒಬ್ಬರೇ ಆರಾಮಾಗಿದ್ದರು. ದಿನಾ ಸಂಜೆ ಸ್ಟೇಷನ್‌ವರೆಗೆ ನಡೆದು ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದರು. 2020ರ ಯುಗಾದಿಗೆ ಅಂತ ನಾಲ್ಕು ದಿನಕ್ಕೆ ಬೆಂಗಳೂರಿನ ನಮ್ಮ ಮನೆಗೆ ಬಂದರು. ಹಬ್ಬದ ದಿನವೇ ಲಾಕ್‌ಡೌನ್ ಶುರುವಾಯಿತು. ಬಸ್ಸು ಬಿಟ್ಟ ಮೇಲೂ ಭಯದಿಂದ ನಾವೇ ಕಳಿಸಲಿಲ್ಲ. ನಮ್ಮದು ಒಂಬತ್ತನೇ ಮಹಡಿ. ಲಸಿಕೆ ಹಾಕಿಸೋಕೆ ಬಿಟ್ಟರೆ ಒಂದು ವರ್ಷಕ್ಕೂ ಜಾಸ್ತಿ ಕಾಲ ಅವರು ಲಿಫ್ಟ್ ಹತ್ತಲಿಲ್ಲ. 2021ರ ಮೇನಲ್ಲಿ ದೊಡ್ಡಪ್ಪ ಕೋವಿಡ್‌ನಿಂದ ಹೋಗಿಬಿಟ್ಟರು. ಮಣ್ಣಿಗೆ ಹೋಗಲಾಗಲಿಲ್ಲ. ದೊಡ್ಡಪ್ಪನ ಮಗ ಕಳಿಸಿದ ಎರಡು ನಿಮಿಷದ ವಿಡಿಯೋದಲ್ಲೇ ಅಪ್ಪ ಎಲ್ಲವನ್ನೂ ನೋಡಿದರು. ಆಮೇಲೆ ಎರಡು ಸಲ ಕಾರಿನಲ್ಲಿ ಊರಿಗೆ ಕರೆದುಕೊಂಡು ಹೋದೆ. ದೊಡ್ಡಪ್ಪನ ಮನೆ ಬಾಗಿಲಲ್ಲಿ ಕಾರಿನಿಂದ ಇಳಿಯಲೇ ಇಲ್ಲ.

ಈಗ ಹೊರಗೆ ಹೋಗುವುದೇ ಬೇಡ ಅನ್ನುತ್ತಾರೆ. ಕಾಲಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ಹೋದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ಹೆಸರುಗಳು ಮರೆಯುತ್ತವೆ, ಊಟ ಕಡಿಮೆ. ಹಾಲಿನ ಪ್ಯಾಕೆಟ್ಟನ್ನು ಇವತ್ತಿಗೂ ಸೋಪು ಹಾಕಿ ತೊಳೆಯುತ್ತಾರೆ. ಸಕ್ಕರೆ ಕಾಯಿಲೆಗೆ ಹದಿನೈದು ವರ್ಷದಿಂದ ಮಾತ್ರೆ ಇದೆ, ಬಿಪಿಗೆ, ಪ್ರಾಸ್ಟೇಟ್‌ಗೆ ಮಾತ್ರೆ ಇದೆ, 2021ರಿಂದ ನಿದ್ದೆ ಮಾತ್ರೆಯೂ ಇದೆ. ಇದೆಲ್ಲ ಲಸಿಕೆಯಿಂದ ಆಗಿದ್ದು ಅಂತ ತಂಗಿ ಹೇಳುತ್ತಾಳೆ. ವಯಸ್ಸಾಯ್ತು, ರೆಸ್ಟ್ ಮಾಡಲಿ ಬಿಡಿ ಅಂತ ನೆಂಟರು. ಬಲವಂತ ಮಾಡಿ ಹೊರಗೆ ಕರೆದುಕೊಂಡು ಹೋಗಬೇಕಾ? ಊರಿಗೆ ವಾಪಸ್ ಕಳಿಸಬೇಕಾ? ಆ ವಿಡಿಯೋ ಇನ್ನೂ ಅವರ ಫೋನಿನಲ್ಲಿದೆ, ಅಳಿಸಿಬಿಡಲಾ?

ತಜ್ಞರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಪ್ಪನಿಗೆ ಆಗಿರುವುದು ಕಾಯಿಲೆಯೋ, ವಯಸ್ಸೋ, ಭಯವೋ ಅನ್ನುವುದು ನಿಮ್ಮ ಚಿಂತೆ. ಅದರ ಹಿಂದೆ ಇನ್ನೊಂದು ಪ್ರಶ್ನೆಯೂ ಇದೆ, ನೀವು ಅದನ್ನು ಬರೆದಿಲ್ಲ. 'ಭಯದಿಂದ ನಾವೇ ಕಳಿಸಲಿಲ್ಲ' ಅನ್ನುವ ಸಾಲಿನಲ್ಲಿ ಅದು ಅಡಗಿದೆ. ನಾವೇ ತಪ್ಪು ಮಾಡಿದೆವಾ ಅಂತ. ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ: ಇಲ್ಲ.

ಆಗ ಲಸಿಕೆ ಇರಲಿಲ್ಲ. ಕೋವಿಡ್‌ನಿಂದ ಸಾಯುವ ಅಪಾಯ ವಯಸ್ಸಿನ ಜೊತೆ ಏರುತ್ತಾ ಹೋಗುತ್ತದೆ ಅನ್ನುವುದು ಪೂರ್ತಿ ನಿಜ. ಇಡೀ ದೇಶದಲ್ಲಿ ಕೋವಿಡ್‌ನ ಮೊದಲ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯವರದು, 2020ರ ಮಾರ್ಚ್‌ನಲ್ಲಿ. ಅವರಿಗೆ 76 ವರ್ಷ. 65 ದಾಟಿದವರು ಮನೆಯಲ್ಲೇ ಇರಿ ಅಂತ ಸರ್ಕಾರವೇ ಹೇಳಿತು, ನಾವು ಡಾಕ್ಟರುಗಳೂ ಹೇಳಿದೆವು. ನಾನೂ ನೂರಾರು ಮನೆಗಳಿಗೆ ಫೋನ್ ಮಾಡಿ ಅದನ್ನೇ ಹೇಳಿದ್ದೇನೆ. ಆದರೆ ಹೊರಗೆ ಕಳಿಸಬೇಡಿ ಅಂತ ಹೇಳಿದ ನಾವು, ಒಳಗಿದ್ದವರು ದಿನಾ ಏನು ಮಾಡಬೇಕು ಅಂತ ಹೇಳಲಿಲ್ಲ. ಆಮೇಲೆ ಯಾವಾಗ, ಹೇಗೆ ಹೊರಗೆ ಬರಬೇಕು ಅಂತಲೂ ಹೇಳಲಿಲ್ಲ. ಆ ತಪ್ಪು ನಿಮ್ಮದಲ್ಲ, ನಮ್ಮದು.

ಆ ವರ್ಷ ನಿಮ್ಮ ಅಪ್ಪನ ವಯಸ್ಸಿನವರಿಗೆ ಹೇಗಿತ್ತು ಅನ್ನುವುದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮಿನ ಸದ್ದು. ಸಂಜೆಯಾದರೆ ಆರೋಗ್ಯ ಇಲಾಖೆಯ ಬುಲೆಟಿನ್. ಪೇಷೆಂಟ್ ನಂಬರ್ ಇಷ್ಟು, ವಯಸ್ಸು ಇಷ್ಟು, ಸಕ್ಕರೆ ಕಾಯಿಲೆ ಇತ್ತು, ಮೃತಪಟ್ಟಿದ್ದಾರೆ. ನಮ್ಮ ಮೈಸೂರಿನಲ್ಲಿ ನನ್ನ ಬಳಿ ಬರುತ್ತಿದ್ದ ನಿವೃತ್ತ ಹೆಡ್‌ಮೇಡಂ ಒಬ್ಬರು ಫೋನಿನಲ್ಲಿ, 'ದಿನಾ ಸಂಜೆ ಟಿವಿಲಿ ನನ್ನ ವಯಸ್ಸು ಓದ್ತಾರೆ ಡಾಕ್ಟ್ರೇ' ಅಂದರು. ಆ ಮಾತು ನಾನು ಮರೆತಿಲ್ಲ. ಚಿಕ್ಕವರಿಗೆ ಅದು ಸುದ್ದಿ. ಹಿರಿಯರಿಗೆ ಅದು ತಮ್ಮದೇ ಹೆಸರು ಕರೆದ ಹಾಗೆ ಕೇಳಿಸುತ್ತಿತ್ತು.

ನಿಮ್ಮ ಅಪ್ಪ ರೈಲ್ವೆಯವರು. 2020ರ ಮಾರ್ಚ್ ಕೊನೆಗೆ ದೇಶದಲ್ಲಿ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು. ಜಂಕ್ಷನ್ನಿನಲ್ಲಿ ಬದುಕು ಕಳೆದವರಿಗೆ ಇದು ಎಂಥ ದೊಡ್ಡ ವಿಷಯ ಅಂತ ಒಮ್ಮೆ ಯೋಚನೆ ಮಾಡಿ. ಯುದ್ಧ ಬಂದರೂ ಮಳೆ ಬಂದರೂ ಓಡಿದ್ದು ನಿಂತಿತು ಅಂದರೆ, ಹೊರಗೆ ಏನೋ ತೀರಾ ದೊಡ್ಡದು ಆಗಿದೆ ಅಂತಲೇ ಅರ್ಥ. ಆ ಭಯ ಹುಚ್ಚುತನವಲ್ಲ. ಕಾರಣ ಹೋದ ಮೇಲೂ ಅದು ಉಳಿದುಕೊಂಡಿದೆ, ಅಷ್ಟೆ.

ಈಗ ಸುತ್ತಲಿನವರು ಹೇಳುವ ಮಾತುಗಳಿಗೆ ಬರುತ್ತೇನೆ.

ಲಸಿಕೆಯ ವಿಷಯ. ಕೋವಿಶೀಲ್ಡ್ ಪಡೆದವರಲ್ಲಿ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡಿದ್ದು ನಿಜ. 2024ರಲ್ಲಿ ಅದು ಮತ್ತೆ ಸುದ್ದಿಯಾಗಿ ಎಷ್ಟೋ ಮನೆಗಳಲ್ಲಿ ಗಾಬರಿ ಆಯಿತು. ಆದರೆ ಅದು ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ, ಜೋರಾದ ತಲೆನೋವು, ಹೊಟ್ಟೆನೋವು, ಉಸಿರಾಟದ ಕಷ್ಟದ ಜೊತೆ ಕಾಣಿಸಿಕೊಳ್ಳುವಂಥದ್ದು. ವರ್ಷಗಟ್ಟಲೆ ನಿಧಾನಕ್ಕೆ ಕಾಲು ಸೋಲುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ತಂಗಿಯ ಮೇಲೆ ಸಿಟ್ಟಾಗಬೇಡಿ. ಅಪ್ಪ ಹೀಗಾಗಿದ್ದಕ್ಕೆ ಒಂದು ಕಾರಣ ಬೇಕು ಅಂತ ಅವರು ಹುಡುಕುತ್ತಿದ್ದಾರೆ. ನಾನು ಹೇಳುವುದು ಏನೆಂದರೆ ಕಾರಣ ಒಂದಲ್ಲ, ನಾಲ್ಕೈದಿವೆ. ಹೆಚ್ಚಿನವು ಸರಿಪಡಿಸಬಹುದಾದವು.

'ವಯಸ್ಸಾಯ್ತು, ರೆಸ್ಟ್ ಮಾಡಲಿ' ಅನ್ನುವುದು ಲಸಿಕೆಯ ಮಾತಿಗಿಂತ ಜಾಸ್ತಿ ಹಾನಿ ಮಾಡುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಒಂದು ಅಧ್ಯಯನ ಅಮೆರಿಕದಲ್ಲಿ ನಡೆದಿತ್ತು. ಹತ್ತೇ ದಿನದಲ್ಲಿ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ನಿಮ್ಮ ಅಪ್ಪ ಹಾಸಿಗೆ ಹಿಡಿದಿರಲಿಲ್ಲ, ಸರಿ. ಆದರೆ ಅರಸೀಕೆರೆಯಲ್ಲಿ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದ ಕಾಲಿಗೆ ಇಲ್ಲಿ ಸೋಫಾದಿಂದ ಬಚ್ಚಲಿಗೆ ಇಪ್ಪತ್ತು ಹೆಜ್ಜೆ. ಅದೂ ಒಂದು ವರ್ಷಕ್ಕೂ ಜಾಸ್ತಿ. ಕಾಲು ಸೋತ ಮೇಲೆ ಬೀಳುವ ಭಯ ಬರುತ್ತದೆ. ಭಯಕ್ಕೆ ನಡೆಯುವುದು ಇನ್ನೂ ಕಡಿಮೆ ಆಗುತ್ತದೆ. ಕಾಲು ಇನ್ನಷ್ಟು ಸೋಲುತ್ತದೆ. ಕೊರೊನಾ ಹೋದ ಮೇಲೂ ಅವರು ಹೊರಗೆ ಬರದಿರುವುದಕ್ಕೆ ಇದು ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಗಟ್ಟಿಯಾದ, ಕೈ ಇಲ್ಲದ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಪ್ಪ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಲಿ. ನೀವು ಪಕ್ಕದಲ್ಲೇ ನಿಂತಿರಿ. ಐದು ಸಲ ಎದ್ದು ನಿಂತು ಕೂರಲು ಎಷ್ಟು ಹೊತ್ತು ಬೇಕು ನೋಡಿ. 15 ಸೆಕೆಂಡ್ ದಾಟಿದರೆ ಕಾಲಿನ ಶಕ್ತಿ ಕುಂದಿದೆ ಅಂತ ಅರ್ಥ. ನನ್ನ ಕೋಣೆಯಲ್ಲಿ ಈ ಪರೀಕ್ಷೆ ಮಾಡುವಾಗ ನಾನು ಗಡಿಯಾರಕ್ಕಿಂತ ಕೈ ನೋಡುತ್ತೇನೆ. ಏಳುವ ಮೊದಲೇ ಬೆರಳುಗಳು ತೊಡೆಯ ಕಡೆ ಜಾರುತ್ತವೆ, ಪಂಚೆಯನ್ನು ಹಿಡಿದುಕೊಳ್ಳುತ್ತವೆ. ಎರಡು ಸಲ ಹಿಂದೆ ಮುಂದೆ ತೂಗಾಡಿ, ಉಸಿರು ಕಟ್ಟಿ, ಒಂದೇ ಏಟಿಗೆ ಎದ್ದುಬಿಡುತ್ತಾರೆ. ಅವರ ಮನೆಯವರಿಗೆ ಅದು ಅಲ್ಲಿಯವರೆಗೆ ಕಂಡೇ ಇರುವುದಿಲ್ಲ, ಯಾಕೆಂದರೆ ಮನೆಯಲ್ಲಿ ಅವರು ಏಳುವ ಮೊದಲೇ ಯಾರಾದರೂ ಕೈ ಕೊಟ್ಟಿರುತ್ತಾರೆ.

ಹೋದ ಶಕ್ತಿ ಈ ವಯಸ್ಸಿನಲ್ಲಿ ವಾಪಸ್ ಬರುತ್ತಾ? ಬರುತ್ತದೆ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನವರಿಗೆ ಎಂಟು ವಾರ ಕಾಲಿಗೆ ಭಾರ ಹಾಕಿ ವ್ಯಾಯಾಮ ಮಾಡಿಸಿದರು. ಅವರ ತೊಡೆಯ ಶಕ್ತಿ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ನಿಮ್ಮ ಅಪ್ಪ ಅವರಿಗಿಂತ ಎಷ್ಟೋ ಚಿಕ್ಕವರು. ಅದೇ ಕುರ್ಚಿಯಲ್ಲಿ ಬೆಳಿಗ್ಗೆ ಐದು, ಸಂಜೆ ಐದು ಸಲ ಎದ್ದು ಕೂರುವುದರಿಂದ ಶುರು ಮಾಡಿ. ಮೊದಲ ವಾರ ಕೈ ಊರಿದರೂ ಪರವಾಗಿಲ್ಲ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಮೂರ್ನಾಲ್ಕು ದಿನಕ್ಕೊಮ್ಮೆ ಒಂದೊಂದು ಜಾಸ್ತಿ ಮಾಡಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ. ಒಮ್ಮೆ ಬಿದ್ದಿರುವುದರಿಂದ ಮೊದಲ ಕೆಲವು ದಿನ ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಹೇಳಿಕೊಟ್ಟರೆ ಒಳ್ಳೆಯದು.

ಇದರ ಜೊತೆಗೆ ಊಟ. ಈ ವಯಸ್ಸಿನವರಿಗೆ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಂ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಪ್ರೋಟೀನ್ ಬೇಕು. ಅನ್ನ, ತಿಳಿಸಾರು, ಎರಡು ಚಮಚ ಮಜ್ಜಿಗೆಯಲ್ಲಿ ಅದು ಸಿಗುವುದಿಲ್ಲ. ಅವರಿಗೆ ಗೊತ್ತಿರುವ ಊಟವೇ ಸಾಕು: ಹುರುಳಿ ಸಾರು, ಅವರೆಕಾಳು, ಹೆಸರುಕಾಳಿನ ಉಸಲಿ, ಎರಡು ಲೋಟ ಹಾಲು ಅಥವಾ ಮೊಸರು, ತಿನ್ನುವವರಾದರೆ ಮೊಟ್ಟೆ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ಹಲ್ಲುಸೆಟ್ಟು ಸಡಿಲವಾಗಿದೆಯಾ ಅಂತಲೂ ನೋಡಿ. ಊಟ ಸೇರುವುದಿಲ್ಲ ಅನ್ನುವ ಎಷ್ಟೋ ಜನರಿಗೆ ನಿಜವಾಗಿ ಅಗಿಯಲು ಆಗುತ್ತಿರುವುದಿಲ್ಲ.

ಇನ್ನು ರಾತ್ರಿ ಬಿದ್ದ ವಿಷಯ. ಮೊದಲು ನನ್ನ ಅನುಮಾನ ಮಾತ್ರೆಗಳ ಮೇಲೆ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಎರಡೂ ಸೇರಿದಾಗ ಮಲಗಿದ್ದವರು ಎದ್ದ ಕೂಡಲೇ ಬಿಪಿ ಇಳಿದುಬಿಡಬಹುದು. ಅದರ ಮೇಲೆ ನಿದ್ದೆ ಮಾತ್ರೆಯ ಮಂಪರು. ಮೂರೂ ಸೇರಿ ನಡುರಾತ್ರಿ ಬಚ್ಚಲ ಕಡೆ ಹೊರಟರೆ ಬೀಳದಿರುವುದೇ ಆಶ್ಚರ್ಯ. ಮಲಗಿದಾಗ ಬಿಪಿ ನೋಡಿ, ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20ರಷ್ಟು ಇಳಿದರೆ ಅದನ್ನು ಬರೆದುಕೊಂಡು ಡಾಕ್ಟರಿಗೆ ತೋರಿಸಿ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಲಿ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿ, ದಾರಿಯಲ್ಲಿ ಸಣ್ಣ ದೀಪ ಇರಲಿ.

ನಿದ್ದೆ ಮಾತ್ರೆ ಬಗ್ಗೆ ಒಂದು ಎಚ್ಚರಿಕೆ. ಇದನ್ನು ಓದಿದ ಸಿಟ್ಟಿಗೆ ಇವತ್ತೇ ನಿಲ್ಲಿಸಿಬಿಡಬೇಡಿ. ಆ ವರ್ಷ ಎಷ್ಟೋ ಹಿರಿಯರಿಗೆ ಹತ್ತು ದಿನಕ್ಕೆ ಅಂತ ಕೊಟ್ಟ ಅಲ್ಪ್ರಜೋಲಾಮ್‌ನಂಥ ಮಾತ್ರೆ ಇವತ್ತಿಗೂ ನಡೆಯುತ್ತಿದೆ. ಅದು ನೆನಪನ್ನು ಮಂಕು ಮಾಡುತ್ತದೆ, ಬೀಳಿಸುತ್ತದೆ. ಆದರೆ ವರ್ಷಗಟ್ಟಲೆ ತೆಗೆದುಕೊಂಡಿದ್ದನ್ನು ಏಕಾಏಕಿ ಬಿಟ್ಟರೆ ನಡುಕ, ಗೊಂದಲ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ ಕಣ್ಣೆದುರು, ವಾರಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಮರೆವಿನ ಬಗ್ಗೆ ಈಗಲೇ ಅಲ್ಜೈಮರ್ ಅಂತ ಹೆಸರು ಇಡಬೇಡಿ. ಅದು ಇರಲಾರದು ಅಂತಲೂ ನಾನು ಪತ್ರ ಓದಿ ಹೇಳಲಾರೆ. ಮೊದಲು ಸುಲಭಕ್ಕೆ ಸಿಗುವ ಕಾರಣಗಳನ್ನು ಹುಡುಕಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನುವ ಮಾತ್ರೆ ಬಹಳ ವರ್ಷ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು. ಬಿ12 ಕಡಿಮೆಯಾದರೆ ಮರೆವು, ಕಾಲು ಜೋಮು, ನಡೆಯುವಾಗ ತೂಕ ತಪ್ಪುವುದು ಎಲ್ಲವೂ ಬರಬಹುದು. ಬಿ12, ವಿಟಮಿನ್ ಡಿ, ಥೈರಾಯ್ಡ್, ಹಿಮೋಗ್ಲೋಬಿನ್, ಸೋಡಿಯಂ, ಮೂರು ತಿಂಗಳ ಸಕ್ಕರೆ: ಇಷ್ಟು ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಕನ್ನಡದಲ್ಲೇ ಮಾಡುವ ನೆನಪಿನ ಪರೀಕ್ಷೆ ಇದೆ, ಅದನ್ನೂ ಮಾಡಿಸಿ.

ಕಿವಿಯನ್ನೂ ಮರೆಯಬೇಡಿ. ಆ ವರ್ಷ ಎಲ್ಲರ ಬಾಯಿಗೂ ಮಾಸ್ಕ್ ಬಂದಾಗ ನಮ್ಮ ಹಿರಿಯ ರೋಗಿಗಳಲ್ಲಿ ಅನೇಕರು ದಿಢೀರನೆ 'ಮಂಕಾದರು'. ನೋಡಿದರೆ ಅವರಿಗೆ ಮೊದಲಿಂದಲೂ ಕಿವಿ ಮಂದ, ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ತುಟಿ ಮುಚ್ಚಿದ ಮೇಲೆ ಮಾತೇ ಸಿಗಲಿಲ್ಲ. ಪದೇ ಪದೇ 'ಆಂ?' ಅನ್ನಲು ನಾಚಿಕೆಯಾಗಿ ಸುಮ್ನೆ ಕೂತುಬಿಟ್ಟರು. ಕೇಳಿಸದ ಹೆಸರು ನೆನಪಿನಲ್ಲಿ ಉಳಿಯುವುದಾದರೂ ಹೇಗೆ, ಅಲ್ವಾ? ಶ್ರವಣ ಪರೀಕ್ಷೆಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಕಡೆ ಅನುಕೂಲವಿದೆ. ಮೈಸೂರಿನಲ್ಲಿ 1965ರಿಂದಲೂ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಮೀಸಲು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ನಿಲ್ಲುವುದು ಆ ಕಾರಿನ ಹತ್ತಿರ. ಅಣ್ಣನ ಮನೆ ಬಾಗಿಲಿಗೆ ಹೋಗಿ ಇಳಿಯದೆ ಕೂತಿದ್ದರು ಅಂದಿರಿ. ಅದು ಕಾಲಿನ ತೊಂದರೆ ಅಲ್ಲ.

ನಮ್ಮಲ್ಲಿ ಒಬ್ಬರು ಹೋದರೆ ನೆಂಟರಿಷ್ಟರು ಸೇರುತ್ತಾರೆ, ಅಳುತ್ತಾರೆ, ಹೆಗಲು ಕೊಡುತ್ತಾರೆ. ಮೂರನೇ ದಿನ, ಹನ್ನೊಂದನೇ ದಿನ ಅಂತ ಕೆಲಸಗಳಿರುತ್ತವೆ. ಮನಸ್ಸು ಒಪ್ಪದಿದ್ದರೂ ಕೈಕಾಲುಗಳಿಗೆ ಸಾವು ಅರ್ಥವಾಗುತ್ತಾ ಹೋಗುತ್ತದೆ. ಆ ಎರಡು ವರ್ಷ ಲಕ್ಷಾಂತರ ಜನರಿಗೆ ಇದು ಸಿಗಲಿಲ್ಲ. ತಮ್ಮನಾಗಿ ನಿಮ್ಮ ಅಪ್ಪ ಮಾಡಬೇಕಿದ್ದ ಯಾವ ಕೆಲಸವನ್ನೂ ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಆಮೇಲೆ ಯಾರಾದರೂ ಅವರ ಜೊತೆ ದೊಡ್ಡಪ್ಪನ ಬಗ್ಗೆ ಕೂತು ಮಾತಾಡಿದ್ದೀರಾ? ನೋವಾಗುತ್ತದೆ ಅಂತ ವಿಷಯ ಎತ್ತದೇ ಇದ್ದಿರಬಹುದು. ಬಹಳ ಮನೆಗಳಲ್ಲಿ ಹಾಗೇ ಆಗಿದೆ. ಹಿರಿಯರು ಮಾತ್ರ, ತಾವು ಹೋಗದೇ ಇದ್ದಿದ್ದಕ್ಕೆ ಯಾರೂ ಆ ಮಾತು ಎತ್ತುತ್ತಿಲ್ಲ ಅಂದುಕೊಳ್ಳುತ್ತಾರೆ.

ಹಿರಿಯರಲ್ಲಿ ಖಿನ್ನತೆ ಅಳುವಾಗಿ ಬರುವುದು ಕಡಿಮೆ. ಸುಸ್ತು, ಊಟ ಸೇರದಿರುವುದು, ನಿದ್ದೆ ಕೆಡುವುದು, ಮರೆವು, 'ಏನೂ ಬೇಡ' ಅನ್ನುವುದು, ಹೀಗೆ ಬರುತ್ತದೆ. ನೀವು ಬರೆದದ್ದರಲ್ಲಿ ಇವು ಹೆಚ್ಚುಕಮ್ಮಿ ಎಲ್ಲವೂ ಇವೆ. ಹಾಲಿನ ಪ್ಯಾಕೆಟ್ ತೊಳೆಯುವುದನ್ನು ತಮಾಷೆ ಮಾಡಬೇಡಿ, ಕೈಯಿಂದ ಕಿತ್ತುಕೊಳ್ಳಲೂ ಬೇಡಿ. ಅದೊಂದರಿಂದ ಯಾರಿಗೂ ಹಾನಿ ಇಲ್ಲ. ತೊಳೆಯುವುದು ದಿನದಲ್ಲಿ ಗಂಟೆಗಟ್ಟಲೆ ನಡೆಯುತ್ತಿದ್ದರೆ ಮಾತ್ರ ಅದಕ್ಕೂ ಚಿಕಿತ್ಸೆ ಬೇಕು. ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಖಿನ್ನತೆಯ ಮಾತ್ರೆಗಳು ಈ ವಯಸ್ಸಿನಲ್ಲೂ ಕೆಲಸ ಮಾಡುತ್ತವೆ, ಆದರೆ ನಾಲ್ಕಾರು ವಾರ ಬೇಕು. ಕೆಲವರಿಗೆ ಸೋಡಿಯಂ ಇಳಿಯುತ್ತದೆ, ಹಾಗಾಗಿ ಶುರು ಮಾಡಿದ ಮೇಲೆ ರಕ್ತ ಪರೀಕ್ಷೆ ಮರೆಯಬಾರದು. 'ನಾನು ಯಾಕಾದ್ರೂ ಇದ್ದೀನೋ' ಅನ್ನುವಂಥ ಮಾತು ಬಂದರೆ ಅದನ್ನು ವಯಸ್ಸಾದವರ ಗೊಣಗಾಟ ಅಂತ ಬಿಡಬೇಡಿ, ಅವತ್ತೇ ಸಹಾಯ ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗಾದರೆ ಮುಂದೇನು? ಬಲವಂತ ಬೇಡ. ಒಂದು ದಿನ ಎಳೆದುಕೊಂಡು ಮಾಲ್‌ಗೆ ಹೋಗಿ, ಅಲ್ಲಿ ತಲೆ ಸುತ್ತಿ ಕೂತರೆ, ಮುಂದಿನ ಆರು ತಿಂಗಳು ಅವರು ಬಾಗಿಲು ದಾಟುವುದಿಲ್ಲ. ಹಾಗಂತ ಬಿಟ್ಟುಬಿಡುವುದೂ ಸರಿಯಲ್ಲ. ಮೊದಲ ವಾರ ಲಿಫ್ಟ್‌ವರೆಗೆ. ಆಮೇಲೆ ಕೆಳಗಿಳಿದು ಐದು ನಿಮಿಷ ಬೆಂಚಿನ ಮೇಲೆ. ಜನ ಕಡಿಮೆ ಇರುವ ಹೊತ್ತು ನೋಡಿ. ಮಾಸ್ಕ್ ಹಾಕಿಕೊಳ್ಳುತ್ತೇನೆ ಅಂದರೆ ಹಾಕಿಕೊಳ್ಳಲಿ. ಒಂದು ಕೆಲಸ ಇಟ್ಟುಕೊಂಡು ಇಳಿಯುವುದು ಒಳ್ಳೆಯದು: ಪೇಪರ್ ತರುವುದು, ಮೊಮ್ಮಕ್ಕಳಿದ್ದರೆ ಸ್ಕೂಲ್ ಬಸ್ಸಿನ ಹತ್ತಿರ ಹೋಗುವುದು. ವಾಕಿಂಗ್ ಅಂತ ಕರೆದರೆ ಬಾರದವರು ಕೆಲಸ ಅಂದರೆ ಚಪ್ಪಲಿ ಮೆಟ್ಟುತ್ತಾರೆ.

ಊರಿಗೆ ಕಳಿಸುವ ಪ್ರಶ್ನೆ ಕಷ್ಟದ್ದು. ಈಗಿನ ಸ್ಥಿತಿಯಲ್ಲಿ ಒಬ್ಬರೇ ಇರುವುದಕ್ಕೆ ನಾನು ಒಪ್ಪುವುದಿಲ್ಲ. ಊಟ ಕಡಿಮೆ ಮಾಡಿ ಸಕ್ಕರೆ ಮಾತ್ರೆ ನುಂಗಿದರೆ ರಾತ್ರಿ ಸಕ್ಕರೆ ಇಳಿದುಹೋಗಬಹುದು. ಬಿದ್ದರೆ ಬೆಳಿಗ್ಗೆವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅವರು ಬಿಟ್ಟು ಬಂದ ಊರು ಈಗ ಹಾಗೇ ಇದೆಯಾ ಅನ್ನುವುದನ್ನೂ ನೋಡಬೇಕು. ಅಣ್ಣ ಇಲ್ಲ. ಬೆಂಚಿನ ಗೆಳೆಯರಲ್ಲಿ ಎಷ್ಟು ಜನ ಉಳಿದಿದ್ದಾರೋ. ಇಲ್ಲೇ ಇಟ್ಟುಕೊಂಡರೆ ದೇಹ ಸುರಕ್ಷಿತ. ಆದರೆ ನಾಲ್ಕು ದಿನಕ್ಕೆ ಬಂದವರು ಇಷ್ಟು ವರ್ಷ ಅತಿಥಿಯಾಗೇ ಉಳಿದಿದ್ದಾರೆ. ಅವರ ಬಟ್ಟೆ ಇವತ್ತಿಗೂ ಬ್ಯಾಗಿನಲ್ಲೇ ಇದೆಯಾ, ಬೀರುವಿನಲ್ಲಿದೆಯಾ, ಒಮ್ಮೆ ನೋಡಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಆರರಿಂದ ಎಂಟು ವಾರ ಕಾಲು, ಊಟ, ಮಾತ್ರೆ ಸರಿ ಮಾಡುವುದು. ಆಮೇಲೆ ಹತ್ತು ದಿನ ರಜೆ ಹಾಕಿ ಅವರ ಜೊತೆ ಅರಸೀಕೆರೆಯಲ್ಲಿ ಇರುವುದು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವುದಲ್ಲ, ಆ ಮನೆಯಲ್ಲಿ ಮಲಗಿ ಏಳುವುದು. ಆಗುವುದಾದರೆ ರೈಲಿನಲ್ಲೇ ಹೋಗಿ. ನಿಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಪದ್ಧತಿ ಇದ್ದರೆ ಆ ಹೊತ್ತಿಗೇ ಹೋಗಿ. ದೊಡ್ಡಪ್ಪನಿಗೆ ಇಷ್ಟವಾದದ್ದು ಏನೇನು ಮಾಡಬೇಕು ಅಂತ ಅಪ್ಪನೇ ಹೇಳಲಿ, ಅವರ ಕೈಯಿಂದಲೇ ಎಡೆ ಇಡಿಸಿ. ಅಲ್ಲಿ ಅವರು ಹೇಗಿದ್ದಾರೆ ನೋಡಿ ಮುಂದಿನದು ತೀರ್ಮಾನಿಸಿ. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ, ಉಳಿದದ್ದು ಇಲ್ಲಿ, ಅಲ್ಲಿದ್ದಾಗ ರಾತ್ರಿ ಜೊತೆಗೆ ಒಬ್ಬರು, ಹೀಗೂ ಆಗಬಹುದು.

ನಿಮ್ಮ ಪತ್ರದಲ್ಲಿ ತಂಗಿ ಏನಂದರು, ನೆಂಟರು ಏನಂದರು ಎಲ್ಲ ಇದೆ. ಹೊರಗೆ ಹೋಗುವುದು ಬೇಡ, ಕಾಲಲ್ಲಿ ಶಕ್ತಿ ಇಲ್ಲ ಅಂತ ಅಪ್ಪ ಹೇಳಿದ್ದೂ ಇದೆ. ಎಲ್ಲಿ ಇರಬೇಕು ಅಂತ ಅವರಿಗೆ ಇಷ್ಟ ಅನ್ನುವುದು ಮಾತ್ರ ಇಲ್ಲ. ಈ ವಾರ ಕೇಳಿ. ಗದ್ದಲ ಇಲ್ಲದ ಹೊತ್ತಿನಲ್ಲಿ, ಎದುರಿಗೆ ಕೂತು, ನಿಧಾನವಾಗಿ ಕೇಳಿ. 'ಆ ವರ್ಷ ನಿಮಗೆ ಹೇಗಿತ್ತಪ್ಪಾ' ಅಂತಲೂ ಕೇಳಿ. ತಕ್ಷಣ ಉತ್ತರ ಬರದಿದ್ದರೆ ಕಾಯಿರಿ.

ಆ ವಿಡಿಯೋ ಅಳಿಸಬೇಡಿ. ಬಲವಂತವಾಗಿ ತೋರಿಸಲೂ ಬೇಡಿ. ಅಣ್ಣನನ್ನು ಅವರು ಕೊನೆಯದಾಗಿ ನೋಡಿದ್ದು ಆ ಎರಡು ನಿಮಿಷದಲ್ಲಿ. ಫೋನ್ ಬದಲಿಸುವಾಗ ಅದು ಕಳೆದುಹೋಗದಂತೆ ಇನ್ನೊಂದು ಕಡೆ ಉಳಿಸಿಡಿ. ಅವರು ಒಬ್ಬರೇ ನೋಡುತ್ತಾ ಕೂತಿದ್ದು ಕಂಡರೆ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.